ಮೇಜಿನ ಕೆಳಗಿನ ಕೊಳಗ

ನನ್ನ ಕಂಪ್ಯೂಟರ್ ಮೇಜಿನ ಕೆಳಗೆ ಒಂದು ಕಬ್ಬಿಣದ ಕೊಳಗವಿದೆ. ಅದರೊಳಗೆ ಈಗ ಹಳೆಯ ಚಾರ್ಜರುಗಳು, ಯಾವ ಫೋನಿಗೂ ಕೂಡದ ವಾಯರುಗಳು, ಬಾಲ ಕಿತ್ತುಹೋದ ಎರಡು ಮೌಸುಗಳು ಮತ್ತು ಅರ್ಧ ಹಿಂಡಿದ ಬೆನ್ನುನೋವಿನ ಮುಲಾಮು ಇವೆ. ಮನೆಗೆ ಬಂದವರು ಕಾಲಿಗೆ ತಾಗಿಸಿಕೊಂಡು "ಇದೇನ್ರಿ ಇದು?" ಎಂದು ಕೇಳುತ್ತಾರೆ. "ಅಪ್ಪನ ಕಾಲದ್ದು" ಎನ್ನುತ್ತೇನೆ. ಅಪ್ಪನ ಕಾಲದ್ದು ಎಂದುಬಿಟ್ಟರೆ ನಮ್ಮ ಕಡೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ನೀವು ಕೇಳಿದರೆ ಹೇಳುತ್ತೇನೆ. ಹೇಳದೆ ಇದ್ದು ಇದ್ದು ನನಗೂ ಸಾಕಾಗಿದೆ.

ತುಕ್ಕಾನಟ್ಟಿಯ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದು ಕಬ್ಬು ಬೆಳೆಯತೊಡಗಿದ ಮೇಲೂ, ಉಣ್ಣಲು ಬೇಕೆಂದು ಅಪ್ಪ ಒಂದಿಷ್ಟು ನೆಲವನ್ನು ಬಿಳಿಜೋಳಕ್ಕೆ ಬಿಟ್ಟುಕೊಂಡಿದ್ದ. ಕಬ್ಬಿಗೆ ರಾಶಿಯಿಲ್ಲ. ಕಡಿದು, ಟ್ರ್ಯಾಕ್ಟರಿಗೆ ಹೇರಿ ಕಳಿಸಿದರೆ ಮುಗಿಯಿತು. ಜೋಳಕ್ಕೆ ಮಾತ್ರ ಕಣ ಬೇಕು, ತೂರಬೇಕು, ಕೊನೆಗೆ ರಾಶಿ ಅಳೆಯಬೇಕು. ಅಳೆಯುವ ಹೊತ್ತಿನಲ್ಲಿ ಕಣದಲ್ಲಿ ಚಪ್ಪಲಿ ಇರಕೂಡದು, ಮಾತಿರಕೂಡದು. ಅಪ್ಪ ಇದೇ ಕೊಳಗವನ್ನು ಮೊದಲ ಸಲ ತುಂಬಿ ಚೀಲಕ್ಕೆ ಸುರಿಯುವಾಗ 'ಒಂದು' ಎನ್ನುತ್ತಿರಲಿಲ್ಲ. 'ಲಾಭ' ಎನ್ನುತ್ತಿದ್ದ. ಆಮೇಲೆ ಎರಡು, ಮೂರು. ಸಣ್ಣವನಿದ್ದಾಗ ನನಗೆ ಎಣಿಕೆ ಇರುವುದೇ ಹಾಗೆ ಎಂಬ ನಂಬಿಕೆಯಿತ್ತು. ಸಾಲಿಗೆ ಹೋದ ಮೊದಲ ದಿನ ಮಾಸ್ತರು ಎಣಿಸಲು ಹೇಳಿದಾಗ ಗಟ್ಟಿಯಾಗಿ "ಲಾಭ, ಎರಡು, ಮೂರು" ಎಂದು ಹೇಳಿ ಕಿವಿ ಹಿಂಡಿಸಿಕೊಂಡಿದ್ದೆ.

ಅಳೆಯುವ ಹೊತ್ತಿಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಣದ ಬಾಯಿಗೆ ಬಂದು ಕೂರುತ್ತಿದ್ದಳು. ಹಾದಿಯಲ್ಲಿ ಯಾರಾದರೂ ಹೋಗುತ್ತಿದ್ದರೆ ಎದ್ದು ಅಡ್ಡ ನಿಲ್ಲುವುದು ಅವಳ ಕೆಲಸ. ಬೆಳಗಿನಿಂದ ತೂರಿದ ಕೂಲಿಯ ಹೆಣ್ಣುಮಕ್ಕಳನ್ನು ಬೇವಿನ ಗಿಡದ ಆಚೆ ಕಳಿಸುತ್ತಿದ್ದಳು. ಅವರು ಅಲ್ಲಿ ಕಣಕ್ಕೆ ಬೆನ್ನು ಮಾಡಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ದಣಿದಿದ್ದಾರೆ, ಸ್ವಲ್ಪ ಕೂರಲಿ ಎಂದು ಆಯಿ ಕಳಿಸುತ್ತಾಳೆ ಎಂದೇ ನಾನು ತಿಳಿದುಕೊಂಡಿದ್ದೆ. ನಮ್ಮ ಆಯಿಯದು ಎಷ್ಟು ಒಳ್ಳೆಯ ಮನಸ್ಸು ಎಂದು ಹೆಮ್ಮೆಯೂ ಇತ್ತು.

ರಾಶಿ ಎಷ್ಟಾಯಿತು ಎಂದು ಹೊರಗಿನವರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬಾಜೂ ಹೊಲದ ಕಾಕಾ ಬದುವಿನ ಮೇಲಿಂದಲೇ ಕೂಗುತ್ತಿದ್ದ.

"ಏನಪಾ, ರಾಶಿ ಹೆಂಗಾತು?"

"ಏನ ರಾಶಿ ಕಾಕಾ, ಹಕ್ಕಿ ತಿಂದು ಉಳದದ್ದ ನಮ್ದು."

ಅಪ್ಪನ ಬೆನ್ನ ಹಿಂದೆ ತುಂಬಿದ ಚೀಲಗಳ ಸಾಲೇ ಇರುತ್ತಿತ್ತು. ಕಾಕಾನಿಗೂ ಅದು ಕಾಣುತ್ತಿತ್ತು. ಮರುದಿನ ಕಾಕಾನ ರಾಶಿಯಾದಾಗ ಅಪ್ಪ ಕೇಳುತ್ತಿದ್ದ, ಕಾಕಾ ಅದೇ ಉತ್ತರ ಕೊಡುತ್ತಿದ್ದ. ಯಾರೂ ಯಾರನ್ನೂ ನಂಬುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಮೋಸವಾಗುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ದೃಷ್ಟಿ ತಾಗುತ್ತದೆ, ಅಷ್ಟೇ. ನಾನು ಸಾಲಿಗೇ ಮೊದಲಿಗನಾಗಿ ಹತ್ತನೆಯ ಇಯತ್ತೆ ಮುಗಿಸಿದಾಗ ಅವ್ವ ಓಣಿಯವರಿಗೆಲ್ಲ ಹೇಳಿದ್ದು, "ಏನೋ ದೇವರ ದಯಾ, ಪಾಸ ಆಗ್ಯಾನ್ರಿ." ಒಬ್ಬ ಮುದುಕಿ ನನ್ನ ತಲೆ ಸವರಿ, ಮುಂದಿನ ಸಲ ಚೆನ್ನಾಗಿ ಓದು ಮಗನೇ ಎಂದು ಸಮಾಧಾನವನ್ನೂ ಹೇಳಿ ಹೋದಳು.

ಇಂಥ ಕಣದಿಂದ ಎದ್ದು ಬಂದವನು ನಾನು ಸಾಫ್ಟ್‌ವೇರ್ ಇಂಜಿನಿಯರ್ ಆದೆ. ದೂರವೇನೂ ಹೋಗಿಲ್ಲ, ಗೋಕಾಕದಲ್ಲೇ ಇದ್ದೇನೆ. ಪುಣೆಯ ಒಂದು ಕಂಪನಿ ಇಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ಕಚೇರಿ ತೆರೆದಿದೆ. ಮೂಡಲಗಿ, ಹುಕ್ಕೇರಿ, ಘಟಪ್ರಭಾ ಕಡೆಯ ಮೂವತ್ತು ಜನ ಕೆಲಸಕ್ಕಿದ್ದೇವೆ. ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೇವೆ. ಯಾವ ಟ್ರ್ಯಾಕ್ಟರ್ ಯಾವಾಗ ಬಂತು, ಯಾರ ಪಾಳಿ ಯಾವಾಗ, ತೂಕದ ಚೀಟಿ ಎಲ್ಲಿ ಎಂಬಂಥವು. ಅಪ್ಪ ಬೆಳೆದ ಕಬ್ಬನ್ನು ಮಗ ಕಂಪ್ಯೂಟರಿನೊಳಗೆ ಸಾಲಾಗಿ ನಿಲ್ಲಿಸುತ್ತಾನೆ ಎಂದು ತಿಳಿಯಿರಿ.

ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಒಂದೊಂದು ಲೆವೆಲ್ ಇರುತ್ತದೆ. ಯಾವ ಲೆವೆಲ್ಲಿನವನು ಏನು ಮಾಡಬೇಕೆಂದು ದೊಡ್ಡದೊಂದು ಕೋಷ್ಟಕವೇ ಇದೆ. ಒಂದನೆಯವನು ಹೇಳಿದ ಕೆಲಸ ಮಾಡುತ್ತಾನೆ. ಎರಡನೆಯವನು ಹೇಳದೆಯೂ ಮಾಡುತ್ತಾನೆ. ಮೂರನೆಯವನು ಇನ್ನೊಬ್ಬರಿಗೆ ಕಲಿಸುತ್ತಾನೆ. ಯಾವ ಕೆಲಸ ಮಾಡಬೇಕು ಎಂದು ತೀರ್ಮಾನಿಸುವವನು ನಾಲ್ಕನೆಯವನು. ಐದನೆಯವನು ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ. ಅವನು ಇನ್ನೂ ಗೋಕಾಕಕ್ಕೆ ಬಂದಿಲ್ಲ. ಮೇಲಿನ ಲೆವೆಲ್ ಬೇಕೆಂದರೆ ಆ ಲೆವೆಲ್ಲಿನ ಕೆಲಸವನ್ನು ಈಗಾಗಲೇ ಮಾಡುತ್ತಿದ್ದೇನೆಂದು ತೋರಿಸಬೇಕು. ಇದನ್ನು ಅಪ್ಪ ಬದುಕಿದ್ದಾಗ ಒಮ್ಮೆ ಅವನಿಗೆ ವಿವರಿಸಲು ಹೋಗಿದ್ದೆ.

"ಅಂದ್ರ ತಲಾಟಿ ತಹಶೀಲ್ದಾರನ ಕೆಲಸ ಮಾಡಿ ತೋರಸಬೇಕು, ಆಮ್ಯಾಲ ಅವನ್ನ ತಹಶೀಲ್ದಾರ ಮಾಡ್ತಾರ?"

"ಹೂಂ ಅಪ್ಪ."

"ಹಂಗಾದ್ರ ಅಲ್ಲಿತನಕ ತಹಶೀಲ್ದಾರ ಏನ ಮಾಡ್ತಾನ?"

"ಅವ ಡೀಸಿ ಕೆಲಸ ಮಾಡಿ ತೋರಸ್ತಿರ್ತಾನ."

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿ, "ತಲಾಟಿ ಕೆಲಸ ಯಾರ ಮಾಡ್ತಾರಪಾ ಮತ್ತ?" ಎಂದ. ಅದನ್ನು ಮಾಡಲೆಂದೇ ಮೂರನೆಯ ಲೆವೆಲ್ಲಿನಲ್ಲಿ ಎಂಟು ವರ್ಷ ಕಳೆಯಲಿದ್ದವನು ಅವನ ಎದುರಿಗೇ ಕೂತಿದ್ದ.

ಎಂಟು ವರ್ಷ ನಾನು ಅಲ್ಲೇ ಯಾಕೆ ಉಳಿದೆ ಎಂಬುದು ಗುಟ್ಟೇನಲ್ಲ. ವರ್ಷಕ್ಕೊಮ್ಮೆ ಒಂದು ಫಾರ್ಮು ಬರುತ್ತದೆ. 'ಈ ವರ್ಷ ನೀವು ಸಾಧಿಸಿದ್ದೇನು?' ಎಂಬುದು ಅದರ ಮೊದಲ ಪ್ರಶ್ನೆ. ಅದನ್ನು ಓದಿದ ಕೂಡಲೇ ನನಗೆ ಬದುವಿನ ಮೇಲೆ ನಿಂತ ಕಾಕಾ ಕಾಣುತ್ತಿದ್ದ. 'ಎಲ್ಲರ ಜೊತೆ ಸೇರಿ ಕೈಲಾದಷ್ಟು ಮಾಡಿದ್ದೇನೆ' ಎಂದು ಬರೆದು ಕಳಿಸುತ್ತಿದ್ದೆ. ಪುಣೆಯಿಂದ 'ಇವರ ಕೆಲಸದ ಪರಿಣಾಮ ಕಾಣುತ್ತಿಲ್ಲ' ಎಂದು ವಾಪಸು ಬರುತ್ತಿತ್ತು. ಕಾಣದಂತೆ ಮುಚ್ಚಿಟ್ಟದ್ದು ನಾನೇ ಅಲ್ಲವೇ? ಬೇಸರವೂ ಆಗುತ್ತಿರಲಿಲ್ಲ. ನನ್ನ ರಾಶಿ ನನಗೆ ಗೊತ್ತಿದೆ ಎಂಬ ಗತ್ತು ಒಂದಿತ್ತು. ಈ ಗತ್ತನ್ನು ನಾನು ಬಹಳ ವರ್ಷ ವಿನಯವೆಂದು ತಿಳಿದು ಮೆರೆಸಿದೆ.

ಇಲ್ಲಿಯವರೆಗಿನದು ನಗುವ ಕಥೆ. ಮುಂದಿನದಕ್ಕೆ ನಗಲು ನನ್ನಿಂದ ಆಗುವುದಿಲ್ಲ.

ಸುಜಾತಾ ನಮ್ಮ ಕಚೇರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಊರು ಯಮಕನಮರಡಿ. ಎರಡು ಬಸ್ಸು ಬದಲಿಸಿ ದಿನಾ ಗೋಕಾಕಕ್ಕೆ ಬರುತ್ತಿದ್ದಳು. ಅಜ್ಜನ ಕಾಲಕ್ಕೆ ಬೌದ್ಧರಾದ ಮನೆತನ. ತಂದೆ ಇಲ್ಲ, ತಾಯಿ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಓದಿಸಿದ್ದಳು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಹಿಡಿದವರಲ್ಲಿ ಇವಳೇ ಮೊದಲಿಗಳು. ಅವಳು ಒಂದನೆಯ ಲೆವೆಲ್. ಕಲಿಸಬೇಕಾದ ಮೂರನೆಯ ಲೆವೆಲ್ಲಿನವನು ನಾನು.

ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಒಂದು ಹಂಗಾಮಿನಲ್ಲಿ ಕಾರ್ಖಾನೆಯೊಂದರಿಂದ ದೂರು ಬಂತು. ಕರೆಂಟು ಹೋಗಿ ಬಂದಾಗಲೆಲ್ಲ ಕೆಲವು ಟ್ರ್ಯಾಕ್ಟರುಗಳ ಪಾಳಿ ಅಳಿಸಿಹೋಗಿ, ಅವು ಸಾಲಿನ ಬಾಲಕ್ಕೆ ಹೋಗುತ್ತಿದ್ದವು. ನಾವು ಮೂರು ಜನ ಹಿರಿಯರು ಎರಡು ವಾರ ಪರದೆ ನೋಡಿದೆವು, ಏನೂ ಸಿಗಲಿಲ್ಲ. ಸುಜಾತಾ ಯಾರನ್ನೂ ಕೇಳದೆ ಕಾರ್ಖಾನೆಯ ಅಂಗಳಕ್ಕೆ ಹೋಗಿ, ಮೂರು ದಿನ ಬಿಸಿಲಿನಲ್ಲಿ ಡ್ರೈವರುಗಳ ನಡುವೆ ಕೂತು, ಯಾರ ಪಾಳಿ ಯಾವ ಗಳಿಗೆಯಲ್ಲಿ ಹೋಯಿತೆಂದು ವಹಿಯಲ್ಲಿ ಬರೆದುಕೊಂಡು ಬಂದಳು.

"ಸರ್, ಕರೆಂಟ್ ಹೋದದ್ದಕ್ಕಲ್ರಿ ಅಳಸೂದು," ಎಂದಳು ಬಂದವಳೇ. "ಬಂದ ಮ್ಯಾಲ ಎಲ್ಲಾ ಗೇಟ್ ಒಮ್ಮೆಲೇ ಚಾಲೂ ಆಕ್ಕಾವಲ್ರಿ, ಒಂದು ಬರದದ್ದನ್ನ ಇನ್ನೊಂದು ಅಳಸ್ತೈತಿ. ಒಂದಾದ ಮ್ಯಾಲ ಒಂದು ಬರಿಯೂಹಂಗ ಮಾಡೇನಿ. ನೋಡ್ರಿ."

ನೋಡಿದೆ. ಎಷ್ಟು ಚೊಕ್ಕವಾಗಿತ್ತೆಂದರೆ ಎರಡು ಸಲ ಓದಿದೆ, ತಪ್ಪು ಹುಡುಕಲು ಅಲ್ಲ, ಸುಮ್ಮನೆ. ಆ ಹಂಗಾಮು ಮುಗಿಯುವವರೆಗೆ ಒಂದು ಪಾಳಿಯೂ ತಪ್ಪಲಿಲ್ಲ. ಅವಳಿಗೆ ನಾನು ಹೇಳಿದ್ದು, "ನಡೀತೈತಿ." ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಮುಖ ನೋಡುವ ಗೋಜಿಗೆ ಹೋಗಲಿಲ್ಲ.

ಒಂದನೆಯ ಲೆವೆಲ್ಲಿಗೆ ಒಂದು ನಿಯಮವಿದೆ. ಮೇಲಿನವರಿಗಿಲ್ಲ, ಅವರಿಗೆ ಮಾತ್ರ. ಮೂರು ವರ್ಷದೊಳಗೆ ಎರಡಕ್ಕೆ ಏರದಿದ್ದರೆ ಕೆಲಸ ಬಿಡಬೇಕು. ಸುಜಾತಾಳ ಮೂರನೆಯ ವರ್ಷದ ಕೊನೆಗೆ ಅವಳ ಫಾರ್ಮು ನನ್ನ ಹತ್ತಿರ ಬಂತು. 'ಇವರ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯ' ಎಂದು ಅಂಗೈಯಗಲದ ಜಾಗ. ಅಷ್ಟು ಜಾಗದಲ್ಲಿ ಅವಳ ಅನ್ನವಿತ್ತು. ನನಗೆ ಅದು ಗೊತ್ತಿತ್ತು. ಆ ಕೋಷ್ಟಕದಲ್ಲಿ ಎರಡನೆಯ ಲೆವೆಲ್ಲಿಗೆ ಬೇಕೆಂದು ಬರೆದದ್ದನ್ನೆಲ್ಲ ಅವಳು ಎಂದೋ ದಾಟಿದ್ದಳು. ಕಣ್ಣಿದ್ದವರಿಗೆಲ್ಲ ಕಾಣುತ್ತದೆ, ಇನ್ನು ನಾನು ಊದಿ ಹೇಳಬೇಕೇ ಎಂದುಕೊಂಡೆ. ಹುಡುಗಿ ಈಗ ತಾನೇ ಮೇಲೆ ಬರುತ್ತಿದ್ದಾಳೆ, ಹೆಚ್ಚು ಹೊಗಳಿದರೆ ನಾಲ್ಕು ಜನರ ಕಣ್ಣು ಬಿದ್ದೀತು ಎಂದೂ ಅನ್ನಿಸಿತು. ನಗಬೇಡಿ, ಇಂಜಿನಿಯರಿಂಗ್ ಓದಿದವನ ತಲೆಯಲ್ಲೂ ಇಂಥದ್ದು ಬರುತ್ತದೆ. ಹಾಗಾಗಿ ಹೀಗೆ ಬರೆದೆ: 'ಕೆಲಸ ತೃಪ್ತಿಕರವಾಗಿದೆ. ಇನ್ನೂ ಕಲಿಯುವುದಿದೆ. ಮುಂದೆ ಒಳ್ಳೆಯ ಇಂಜಿನಿಯರ್ ಆಗುತ್ತಾರೆ.' ಬರೆದು, ಆಶೀರ್ವಾದ ಮಾಡಿದ ಸಮಾಧಾನದಲ್ಲಿ ಚಹಾ ಕುಡಿಯಲು ಹೋದೆ.

ಪುಣೆಯ ಸಮಿತಿಯಲ್ಲಿ ಕಾಕಾ ಇರಲಿಲ್ಲ. ನಾನು ಬರೆದದ್ದನ್ನು ಅವರು ಹಾಗೆಯೇ ನಂಬಿದರು.

ಫಲಿತಾಂಶ ಬಂದ ದಿನ ಸುಜಾತಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಫೋನು. ಸಮಿತಿಯವರು ಕಾರಣ ಹೇಳಿ ಬರೆದಿದ್ದರು. 'ಜೊತೆಗಿದ್ದ ಹಿರಿಯರ ಅಭಿಪ್ರಾಯದಂತೆ ಇನ್ನೂ ಕಲಿಯುವುದಿದೆ' ಎಂದಿತ್ತು.

"ಸರ್, ಇದನ್ನ ನೀವು ಬರದದ್ದ?"

"ಹೂಂ. ಆದ್ರ ಸುಜಾತಾ, ನಾ ಬರದದ್ದು ಹಂಗಲ್ಲ..."

"ಹೆಂಗ ಬರದದ್ರಿ ಸರ್ ಮತ್ತ?"

ಅವಳು ತನ್ನ ಕುರ್ಚಿಗೆ ಹೋಗಿ ಕೂತು, ಸಂಜೆಯವರೆಗೆ ಕೆಲಸ ಮಾಡಿದಳು. ಆ ದಿನ ಮಾಡಬೇಕಾಗಿದ್ದ ಕೆಲಸವನ್ನು ಬಾಕಿ ಉಳಿಸಲಿಲ್ಲ.

ಪುಣೆಗೆ ಫೋನು ಮಾಡಿದೆ. ನಮ್ಮ ಮ್ಯಾನೇಜರ್ ಮೇಡಂ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಅಂಗಳದಲ್ಲಿ ಕೂತ ಮೂರು ದಿನದ್ದು, ಪಾಳಿಯದ್ದು, ಎಲ್ಲ ಹೇಳಿದೆ. "ಇದನ್ನೆಲ್ಲ ಆಗಲೇ ಯಾಕೆ ಬರೆಯಲಿಲ್ಲ?" ಎಂದು ಕೇಳಿದರು. ದೃಷ್ಟಿ ತಾಗುತ್ತದೆಂದು ಬರೆಯಲಿಲ್ಲ ಎಂದು ಪುಣೆಗೆ ಹೇಳುವುದು ಹೇಗೆ? ಸಮಿತಿ ಮುಗಿದಿತ್ತು, ನಿಯಮ ನಿಯಮವೇ ಆಗಿತ್ತು. ಫೋನು ಇಡುವ ಮೊದಲು ಅವರು ಇನ್ನೊಂದು ಸುದ್ದಿ ಹೇಳಿದರು. ಎಂಟು ವರ್ಷದ ಮೇಲೆ ನನಗೆ ನಾಲ್ಕನೆಯ ಲೆವೆಲ್ ಆಗಿತ್ತು. ಈ ಸಲ ನನ್ನ ಫಾರ್ಮು ನಂಬದೆ ಮೇಡಂ ತಾವೇ ಬರೆದಿದ್ದರಂತೆ. ಪಾಳಿ ತಪ್ಪುವ ಸಮಸ್ಯೆಯನ್ನು ನಾನು ನನ್ನ ತಂಡದೊಂದಿಗೆ ಬಗೆಹರಿಸಿದ್ದು, ಕಿರಿಯರನ್ನು ಬೆಳೆಸಿದ್ದು ಎಂದು ಕಾರಣ ಕೊಟ್ಟಿದ್ದರು.

ನಾನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಬಯಸದೆಯೇ ಇಷ್ಟು ಮಾಡಿದೆನಲ್ಲ ಎಂದು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ಕೆಲಸ ಬಿಟ್ಟ ಮುಂದಿನ ರವಿವಾರ ಯಮಕನಮರಡಿಗೆ ಹೋದೆ. ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಒಂದು ಡಬ್ಬಿ ಕರದಂಟು ತೆಗೆದುಕೊಂಡೆ. ಹಿಡಕಲ್ ದಾಟುವಾಗ, ಇದು ನನ್ನ ಪ್ರಮೋಷನ್ನಿನ ಸಿಹಿ ಎಂದು ಅವರು ತಿಳಿದಾರು ಎಂದು ಹೊಳೆದು ಜೀವ ಹಾರಿತು. ಡಬ್ಬಿಯನ್ನು ಬಸ್ಸಿನ ಸೀಟಿನ ಮೇಲೆಯೇ ಬಿಟ್ಟು ಯಮಕನಮರಡಿಯಲ್ಲಿ ಇಳಿದೆ. ಕಂಡಕ್ಟರ್ ಪುಣ್ಯಾತ್ಮ ಬೆನ್ನು ಹತ್ತಿ ಬಂದು "ರೀ ಸರ್, ನಿಮ್ಮ ಡಬ್ಬಿ!" ಎಂದು ಕೈಗೆ ಕೊಟ್ಟು ಹೋದ.

ಹೆದ್ದಾರಿಯಿಂದ ಒಳಗೆ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಸುಜಾತಾಳ ತಾಯಿ ಚಾಪೆ ಹಾಸಿ "ಬರ್ರಿ ಸಾಹೇಬ್ರ, ಕುಂದರ್ರಿ" ಎಂದಳು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ, ಅದೇ ನನ್ನನ್ನು ಕೊಂದಿತು. ಸುಜಾತಾ ನೀರು ತಂದುಕೊಟ್ಟು, "ನಾಕನೇ ಲೆವೆಲ್ ಆತಂತ ಕೇಳಿದ್ನಿ. ಭಾಳ ಚೊಲೋ ಆತ್ರಿ ಸರ್" ಎಂದಳು. ಕರದಂಟಿನ ಡಬ್ಬಿ ನನ್ನ ತೊಡೆಯ ಮೇಲಿತ್ತು.

ನಾನು ಎಲ್ಲ ಹೇಳಿದೆ. ಕಣ, ಆಯಿ, ಲಾಭ, ಕಾಕಾ, ದೃಷ್ಟಿ. ನಮ್ಮ ಮನೆಯಲ್ಲಿ ಒಳ್ಳೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆ ಚಟ ನನಗೆ ಅಂಟಿದೆ, ಬಸವರಾಜನಿಗೂ ನಾನು ಅದನ್ನೇ ಬರೆದಿದ್ದೆ ಎಂದೆ. ಬಸವರಾಜ ಮೂಡಲಗಿಯ ಹುಡುಗ, ಅವಳ ಜೊತೆಯವನು, ಅವನಿಗೆ ಎರಡನೆಯ ಲೆವೆಲ್ ಸಿಕ್ಕಿತ್ತು.

"ಅವನ ಮಾವ ಪುಣೆ ಆಫೀಸಿನ್ಯಾಗ ಅದಾನ್ರಿ ಸರ್. ಅವನ ಬಗ್ಗೆ ಹೇಳಾಕ ಬ್ಯಾರೇ ಮಂದಿ ಇದ್ರು. ನನಗ ನೀವೊಬ್ರ ಇದ್ರಿ."

ಒಳಗಿನಿಂದ ಅವಳ ತಾಯಿ ನಡುವೆ ಮಾತಾಡಿದಳು. "ಅವರಂದದ್ದು ಖರೆ ಐತಿ ಸುಜಾತಾ. ರಾಶಿ ಅಳಿಯೂ ಮುಂದ ಹಂಗ ಮಾಡ್ತಾರ. ನಮ್ಮನ್ನೂ ದೂರ ಕಳಸ್ತಿದ್ರು. ಹೊತ್ತು ಹುಟ್ಟಿದಾಗಿಂದ ತೂರಾಕ ನಾವ ಬೇಕು, ಅಳಿಯೂ ಮುಂದ ನಮ್ಮ ಕಣ್ಣು ಕೆಟ್ಟು. ಗಿಡದ ಕಡೆ ಮಾರಿ ಮಾಡಿ ಕುಂದರ್ರಿ ಅಂತಿದ್ರು." ಆಕೆ ನಗುತ್ತಲೇ ಹೇಳಿದಳು. ನನಗೆ ನಮ್ಮ ಹೊಲದ ಬೇವಿನ ಗಿಡ ಕಣ್ಣ ಮುಂದೆ ಬಂದು ನಿಂತಿತು. ಕಣಕ್ಕೆ ಬೆನ್ನು ಮಾಡಿ ಸಾಲಾಗಿ ಕೂತ ಹೆಣ್ಣುಮಕ್ಕಳು, ದಣಿವಾರಿಸಿಕೊಳ್ಳಲಿ ಎಂದು ಅವರನ್ನು ಕಳಿಸಿದ ನಮ್ಮ ಆಯಿ. ನಲವತ್ತೆರಡು ವರ್ಷ ಬೇಕಾಯಿತು ನನಗೆ ಅದು ಏನೆಂದು ತಿಳಿಯಲು, ಅದೂ ಇನ್ನೊಬ್ಬರು ಹೇಳಿದ ಮೇಲೆ.

ಸುಜಾತಾ ಮಾತ್ರ ನಗಲಿಲ್ಲ. "ನಿಮ್ಮ ರಾಶಿ ನೀವು ಮುಚ್ಚಿಟ್ರಿ, ಅದು ನಿಮ್ಮದು. ಉಣ್ಣಾಕ ಅದು ಮನ್ಯಾಗ ಇರತಿತ್ತು. ನನ್ನ ರಾಶಿ ಯಾಕ ಮುಚ್ಚಿದ್ರಿ ಸರ್? ನಮ್ಮ ಮನ್ಯಾಗ ಹಿಂದಕ ಯಾವ ರಾಶೀನೂ ಇರಲಿಲ್ಲ. ಇದ ಮೊದಲನೇದು."

"ಈಗ ಬರದು ಕೊಡ್ತೇನಿ ಸುಜಾತಾ. ಎಲ್ಲಾ ಇದ್ದದ್ದು ಇದ್ದಂಗ ಬರದು ಕೊಡ್ತೇನಿ. ಬ್ಯಾರೇ ಕಡೆ ಅರ್ಜಿ ಹಾಕೂ ಮುಂದ ನನ್ನ ಹೆಸರು ಕೊಡು."

"ಬ್ಯಾಡ್ರಿ ಸರ್," ಎಂದಳು. ಸಿಟ್ಟಿನಿಂದಲ್ಲ, ಒಲ್ಲದ ಊಟಕ್ಕೆ ಒಲ್ಲೆ ಎನ್ನುವಷ್ಟು ಮೆತ್ತಗೆ. "ನಿಮ್ಮನ್ನ ಕೇಳಿದ್ರ ನೀವು ಮತ್ತ ಏನ ಅಂತೀರೋ ಅಂತ ನನಗ ಅಂಜಿಕಿ."

ಚಹಾ ಕುಡಿದು ಎದ್ದೆ. ಡಬ್ಬಿ ಅಲ್ಲೇ ಬಿಟ್ಟೆನೋ ತಂದೆನೋ ನೆನಪಿಲ್ಲ. ಅವಳು ಈಗ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಮಂದಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಾಳೆಂದು ಬಸವರಾಜ ಹೇಳಿದ. ತಾನೂ ಮೂರು ಕಂಪನಿಗಳಿಗೆ ಅರ್ಜಿ ಹಾಕಿದ್ದಾಳಂತೆ. ಮೂರು ವರ್ಷವಾದರೂ ಒಂದನೆಯ ಲೆವೆಲ್ಲಿನಲ್ಲೇ ಇದ್ದಿರಲ್ಲ, ಯಾಕೆ ಎಂದು ಎಲ್ಲರೂ ಕೇಳುತ್ತಾರಂತೆ. ನನ್ನ ಫೋನಿಗೆ ಯಾವ ಕಂಪನಿಯಿಂದಲೂ ಕರೆ ಬಂದಿಲ್ಲ. ಹೊಸ ನಂಬರಿನಿಂದ ಫೋನು ಬಂದಾಗಲೆಲ್ಲ ಮೀಟಿಂಗ್ ಬಿಟ್ಟು ಎದ್ದು ಹೋಗಿ ಎತ್ತುತ್ತೇನೆ. ಸಾಲ ಬೇಕೇ ಎಂದು ಕೇಳುತ್ತಾರೆ.

ಕಚೇರಿಯಲ್ಲಿ ನನಗೆ ಈಗ ಗೌರವ ಹೆಚ್ಚಿದೆ. ಹೊಸಬರ ಫಾರ್ಮುಗಳು ನನ್ನ ಹತ್ತಿರವೇ ಬರುತ್ತವೆ. ಅವುಗಳಲ್ಲಿ ಇದ್ದದ್ದನ್ನೆಲ್ಲ ಬರೆಯುತ್ತೇನೆ, ಜಾಗ ಸಾಲದಿದ್ದರೆ ಬೇರೆ ಹಾಳೆ ಜೋಡಿಸುತ್ತೇನೆ. ಎಲ್ಲರೂ ಏರುತ್ತಿದ್ದಾರೆ. ಸರ್ ಚೆನ್ನಾಗಿ ಬರೆಯುತ್ತಾರೆ ಎಂಬ ಹೆಸರೂ ಬಂದಿದೆ. ಯಾರ ಖರ್ಚಿನಲ್ಲಿ ಕಲಿತೆ ಎಂದು ಅವರು ಯಾರೂ ಕೇಳಿಲ್ಲ.

ನಿನ್ನೆ ಮಧ್ಯಾಹ್ನ ಒಂದು ಚಾರ್ಜರಿಗಾಗಿ ಕೊಳಗವನ್ನು ನೆಲದ ಮೇಲೆ ಸುರಿದೆ. ವಾಯರುಗಳ ನಡುವೆ ಸುಜಾತಾಳ ವಹಿ ಸಿಕ್ಕಿತು. ಕಾರ್ಖಾನೆಯ ಅಂಗಳದಲ್ಲಿ ಬರೆದದ್ದು, ನೋಡಿ ಕೊಡುತ್ತೇನೆಂದು ಅಂದು ಮನೆಗೆ ತಂದು ಮರೆತಿದ್ದೆ. ಒಂದೊಂದು ಟ್ರ್ಯಾಕ್ಟರಿನ ಎದುರಿಗೂ ಗಳಿಗೆ, ಗೇಟು, ಡ್ರೈವರನ ಹೆಸರು. ಒಂದು ಕಡೆ ಬೆವರಿನಿಂದ ಶಾಯಿ ಕದಡಿತ್ತು. ಅದನ್ನು ಇಟ್ಟುಕೊಂಡು ಅವಳು ಮೂರು ವರ್ಷದಲ್ಲಿ ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತ ಹೋದೆ. ಬರೆದು ಮುಗಿಸಿ, ಖಾಲಿ ಕೊಳಗದ ಪಕ್ಕ ನೆಲದ ಮೇಲೆ ಕೂತು ಎಣಿಸಲು ಹೊರಟೆ. ಅಭ್ಯಾಸಬಲದಿಂದ ಬಾಯಿಗೆ 'ಲಾಭ' ಎಂದು ಬಂತು. ತಡೆದುಕೊಂಡು ಮತ್ತೆ ಮೊದಲಿನಿಂದ, ಓಣಿಗೆ ಕೇಳುವಷ್ಟು ಗಟ್ಟಿಯಾಗಿ "ಒಂದು" ಎಂದೆ. ಎರಡು, ಮೂರು, ನಾಲ್ಕು.

ಅವ್ವ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಏನ ಎಣಸಾಕತ್ತೀಯೋ?"

"ಸುಜಾತಾಂದು ರಾಶಿ ಅವ್ವ."

ಹದಿನಾಲ್ಕಕ್ಕೆ ಬಂದು ನಿಂತಿತು. ಅಷ್ಟನ್ನೂ ಕೇಳಿದ್ದು ಅವ್ವ ಒಬ್ಬಳೇ.